ನೇಯ್ದವರು ಯಾರು?

ಹೋದ ವಾರ ನಾನು ಒಂದು ಸರಿಯುತ್ತರಕ್ಕೆ ಸೊನ್ನೆ ಕೊಟ್ಟೆ. ಸಾಲದು ಅಂತ ಇಡೀ ಕ್ಲಾಸಿಗೆ ಓದಿ ಹೇಳಿ ನಗಿಸಿದೆ.

ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಹೇಳುವವನು ನಾನು, ನಿಮಗೆ ಗೊತ್ತೇ ಇದೆ. ಪರೀಕ್ಷೆಯಲ್ಲಿ ಕೇಳಿದ್ದೆ: 'ಹಿಂದಿನ ಕಾಲದ ಫ್ರಾನ್ಸಿನಲ್ಲಿ ಬಟ್ಟೆಯ ಕೈಗಾರಿಕೆಯನ್ನು ಬೆಳೆಸಿದವರು ಯಾರು?' ರಾಜ ಮತ್ತು ಅವನ ಮಂತ್ರಿ ಅಂತ ಬರೆಯಬೇಕು. ನೇಕಾರರ ಮನೆಯ ಸಾವಿತ್ರಿ ಒಂದೇ ಪದ ಬರೆದಿದ್ದಳು: 'ನೇಯ್ದವರು.'

ಎರಡು ಮಾರ್ಕು ಕಡಿಮೆಯಾಗಿ ಹುಡುಗಿ ಫೇಲು. ಮಾರನೆಯ ದಿನದಿಂದ ಸ್ಕೂಲಿಗೇ ಬರಲಿಲ್ಲ.

ಮೂರನೆಯ ದಿನ ಅವಳ ತಾಯಿ ಗಂಗಮ್ಮ ಬಂದರು. ಸೆರಗಿಗೆ ನೂಲಿನ ಎಳೆ ಅಂಟಿಕೊಂಡಿತ್ತು. (ಯುದ್ಧ ಮುಗಿದರೂ ರೇಷನ್ ನೂಲಿಗೆ ಕ್ಯೂ ಮುಗಿದಿಲ್ಲ. ಆಕೆ ಕ್ಯೂ ಬಿಟ್ಟು ಬಂದಿದ್ದರು.)

"ಮೇಷ್ಟ್ರೇ, ಫೇಲಾದೋಳಿಗೆ ಸ್ಕೂಲು ಯಾಕೆ ಅಂತಾರೆ ನಮ್ಮನೆಯವ್ರು. ನಂಗೆ ಒಂದು ವಿಷ್ಯ ಹೇಳಿ. ಬಟ್ಟೆ ಎಷ್ಟಗಲ ಇರ್ಬೇಕು, ಎಷ್ಟು ಎಳೆ ಇರ್ಬೇಕು ಅಂತ ಆ ಫ್ರಾನ್ಸ್ ದೊರೆ ಕಾನೂನು ಮಾಡಿದ್ನಂತೆ, ಮಗಳು ಹೇಳಿದ್ಲು. ಸರಿಯಿಲ್ದಿದ್ರೆ ಬಟ್ಟೇನ ಕಂಬಕ್ಕೆ ತೂಗಾಕಿ ನೇಯ್ದೋನ ಹೆಸ್ರು ಬರೀತಿದ್ರಂತೆ. ನಿಜಾನಾ?"

"ನಿಜ ಕಣಮ್ಮ. ನಾನೇ ಪಾಠ ಮಾಡಿದ್ದು."

"ಕೆಟ್ರೆ ನೇಯ್ದೋನ ಹೆಸ್ರು. ಚೆನ್ನಾಗಿದ್ರೆ ದೊರೆ ಹೆಸ್ರಾ?"

ಆ ಫ್ರಾನ್ಸಿನಲ್ಲಿ ಪಾದ್ರಿಗಳಿಗೂ ಶ್ರೀಮಂತ ಮನೆತನಗಳಿಗೂ ಕಂದಾಯದ ಭಾರವಿಲ್ಲ. ರಾಜನ ಅರಮನೆ, ಯುದ್ಧ, ಜರತಾರಿ ಅಂಗಿ ಎಲ್ಲದರ ಭಾರ ಉಳುವವರ, ನೇಯುವವರ ಮೇಲೆ. ಇದನ್ನೂ ನಾನೇ ಪಾಠ ಮಾಡಿದ್ದೆ. ಮಾಡಿದ್ದೆ, ಅಷ್ಟೇ. ಸಾವಿತ್ರಿ ಅದನ್ನು ಕೇಳಿಸಿಕೊಂಡಿದ್ದಳು.

ಸೊನ್ನೆ ಹೊಡೆದು ಎರಡು ಮಾರ್ಕು ಹಾಕಿ, ಉತ್ತರಪತ್ರಿಕೆ ಹಿಡಿದುಕೊಂಡು ಹೆಡ್‌ಮಾಸ್ಟರ ಹತ್ತಿರ ಹೋದೆ.

"ಏನ್ರೀ ಇದು! ಇನ್‌ಸ್ಪೆಕ್ಟರು ಕೇಳಿದ್ರೆ?"

"ತಪ್ಪು ನಂದು ಅಂತ ಬರ್ಕೊಡ್ತೀನಿ ಸಾರ್."

ಬರೆದೂ ಕೊಟ್ಟೆ. ಅವರು ಗೊಣಗುತ್ತಲೇ ರುಜು ಹಾಕಿದರು. ಕ್ಲಾಸಿಗೆ ಬಂದು, "ಸಾವಿತ್ರಿ ಬರೆದದ್ದು ಸರಿ, ನಾನು ನಗಿಸಿದ್ದು ತಪ್ಪು" ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟರು ತಪ್ಪು ಒಪ್ಪಿಕೊಂಡಿದ್ದನ್ನು ಅವರೆಲ್ಲಿ ನೋಡಿದ್ದಾರೆ!

ಸಂಜೆ ಅವರ ಮನೆಗೇ ಹೋದೆ. ಸಾವಿತ್ರಿ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡದ್ದೇ ತಲೆ ತಗ್ಗಿಸಿದಳು. ಅವರಪ್ಪ ಮಗ್ಗ ನಿಲ್ಲಿಸಿ, "ಪಾಸಾ?" ಎಂದರು.

"ಪಾಸು."

"ಹಂಗಾದ್ರೆ ಹೋಗ್ಲಿ ಬಿಡಿ." ಮಗ್ಗ ಮತ್ತೆ ಸದ್ದು ಮಾಡತೊಡಗಿತು. ಗಂಗಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು.

ಸೋಮವಾರದಿಂದ ಸಾವಿತ್ರಿ ಬರುತ್ತಿದ್ದಾಳೆ. ನನಗೆ ಸಮಾಧಾನವಾಗಬೇಕಿತ್ತು. ಆದರೆ ಈಗ ಏನು ಕೇಳಿದರೂ ಎದ್ದು ನಿಂತು ಪುಸ್ತಕದಲ್ಲಿರುವಷ್ಟನ್ನೇ ಒಪ್ಪಿಸುತ್ತಾಳೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದಕ್ಕೆ ನಾನು ಎಷ್ಟು ಮಾರ್ಕು ಕೊಡಲಿ, ಹೇಳಿ?