ದೇವನೂರಮ್ಮ ಓದಿದ ಕಾದಂಬರಿ

ಅಜ್ಜಂಪುರದ ನಮ್ಮ ಪಕ್ಕದ ಮನೆಯಾಕೆ ಓದುವ ಪುಸ್ತಕದಲ್ಲಿ ಗುರುತಿಗೆ ಕರಿಬೇವಿನ ಕಡ್ಡಿ ಇಡುತ್ತಿದ್ದರು. "ಓದ್ತಾ ಓದ್ತಾ ಸಾರು ಹೊತ್ತೋಯ್ತು ಕಣಣ್ಣ" ಎನ್ನುವುದು ಅವರ ನಿತ್ಯದ ಮಾತು. ಒಮ್ಮೆ, ಅಮೆರಿಕದಲ್ಲಿ ನೆಲೆಸಿದ ನಮ್ಮ ದೇಶದವರ ಕಥೆಯಿರುವ ಕಾದಂಬರಿಯೊಂದನ್ನು ಮುಗಿಸಿ ಕಣ್ಣೊರೆಸಿಕೊಂಡರು. ಎಸ್ಸೆಸ್ಸೆಲ್ಸಿ ಪಾಸಾದ ಮಹಾಪಂಡಿತ ನಾನು, ಹಿಂಬದಿಯ ರಟ್ಟನ್ನಷ್ಟೇ ಓದಿ ತೀರ್ಪು ಕೊಟ್ಟೆ:

"ಅಷ್ಟು ವರ್ಷ ಅಲ್ಲೇ ಇದ್ದು, ಇದು ನಮ್ಮೂರಲ್ಲ ಅಂತ ಅಳೋದೇನು ದೇವನೂರಮ್ಮ? ಬರೀ ಸೋಗು!"

ಅವರು ನಕ್ಕರು. "ನಾನು ಮದ್ವೆಯಾಗಿ ಇಲ್ಲಿಗೆ ಬಂದು ಮೊಮ್ಮಕ್ಕಳಾದ್ವು. ನೀವಿನ್ನೂ ತವರೂರಿನ ಹೆಸ್ರಲ್ಲೇ ಕೂಗ್ತೀರಲ್ಲಣ್ಣ!"

ಅವರ ಮಜ್ಜಿಗೆ ಕುಡಿದೇ ಮುದುಕನಾದ ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಮರುದಿನ ಹೋಗಿ, ತಪ್ಪಾಯಿತೆಂದು ಹೇಳಿ, ಹೆಸರು ಕೇಳಿದೆ.

"ಈಗ್ಯಾಕಣ್ಣ? ಆ ಹೆಸ್ರಲ್ಲಿ ಯಾರಾದ್ರೂ ಕೂಗಿದ್ರೆ, ಕರೀತಿರೋದು ನನ್ನನ್ನೇ ಅಂತ ನಂಗೇ ಹೊಳೆಯಲ್ಲ."