ಅಂಬ್ರಪ್ಪನ ಧಾರಾಳ ಕೈ, ಹೊಟ್ಟೆಬಾಕ ಬೇರು

ದೇವಾಪುರದ ಅಂಬ್ರಪ್ಪನ ಮನೆಗೆ ಊಟಕ್ಕೆ ಹೋಗುವವರು ಬೆಳಗಿನಿಂದಲೇ ಹೊಟ್ಟೆ ಖಾಲಿ ಇಟ್ಟುಕೊಳ್ಳುತ್ತಾರೆ. ಸಾಕು ಎಂದವನ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತದೆ. ಕೈ ಅಡ್ಡ ಹಿಡಿದರೆ ಕೈಮೇಲೆಯೇ ಬೀಳುತ್ತದೆ. ಅವನ ಎತ್ತುಗಳಂತೂ ತಿಂದು ತಿಂದು ನಡೆಯುವುದಕ್ಕೇ ಬೇಸರಪಡುತ್ತವೆ. ಇಂಥವನ ಕೈಗೆ ದ್ರಾಕ್ಷಿ ತೋಟ ಸಿಕ್ಕರೆ ಏನಾದೀತು, ನೀವೇ ಹೇಳಿ.

ಸಗರದ ಬಸವಂತ್ರಾಯ ತನ್ನ ಬಳ್ಳಿಗೆ ಯೂರಿಯಾ ಹಾಕಿದ್ದನ್ನು ನೋಡಿ ಬಂದವನೇ ಅಂಬ್ರಪ್ಪ ತನ್ನದಕ್ಕೆ ಅದರ ಎರಡು ಪಟ್ಟು ಸುರಿದ. ಬಳ್ಳಿ ಚಪ್ಪರ ಮುರಿಯುವಂತೆ ಹಬ್ಬಿತು. ಹಾದಿಹೋಕರೆಲ್ಲ ನಿಂತು ಹೊಗಳಿದರು. ಗೊಂಚಲು ಮಾತ್ರ ದೀಪ ಹಚ್ಚಿ ಹುಡುಕಿದರೂ ಇಲ್ಲ. ಎರಡನೇ ವರ್ಷವೂ ಅದೇ ಹಾಡಾದಾಗ ಹೆಂಡತಿ ಸುಂದ್ರಮ್ಮನ ತಾಳ್ಮೆ ತೀರಿತು. ಹೊಲ ಇಬ್ಬರದು, ಮಾತು ಅವಳದು. ಮುಂದಿನ ಸಲ ಕಾಯಿ ಬಿಡದಿದ್ದರೆ ಬಳ್ಳಿ ಕಿತ್ತು ಹತ್ತಿ ಹಾಕುವುದೇ ಸೈ ಎಂದಳು. ಅಂಬ್ರಪ್ಪನಿಗೆ ಜೀವ ಹೋದಂತಾಯಿತು. ಹೆತ್ತ ಮಕ್ಕಳಿಗಿಂತ ಹೆಚ್ಚು ಮುದ್ದಿನಿಂದ ಬೆಳೆಸಿದ ಬಳ್ಳಿಗಳು ಅವು.

ಕಸಿ ಕಟ್ಟಿಕೊಟ್ಟಿದ್ದ ಲಾಡ್ಲೇಸಾಬನನ್ನು ಕರೆಸಿದರು. ಅವನು ಎಲೆ ಸರಿಸಿ ನೋಡಿ ನಕ್ಕ. ಮೇಲಿನ ಬಳ್ಳಿ ಎರಡೂ ತೋಟದಲ್ಲಿ ಒಂದೇ, ಕೆಳಗಿನ ಬೇರಿನ ಜಾತಿ ಒಂದಲ್ಲ. ಬಸವಂತ್ರಾಯನದು ಸಾಧು ಬೇರು, ಕೊಟ್ಟರೆ ಮಾತ್ರ ತಿನ್ನುತ್ತದೆ. ಇಲ್ಲಿಯದು ಡಾಗ್ರಿಜ್ ಎಂಬ ಜಾತಿಯ ಬೇರು.

"ಹೊಟ್ಟಿಬಾಕ ಬೇರು ಅದ ಅಣ್ಣಾ ಇದು. ನೆಲದಾಗಿಂದು ತಾನ ಜಗ್ಗಿ ತಿಂತದ. ಮ್ಯಾಲ ನೀ ಯೂರಿಯಾ ಕೊಟ್ರ ಬರೇ ಬಳ್ಳಿ ಬೆಳಸ್ತದ, ಕಾಯಿ ಮರೀತದ. ಎಪ್ರಿಲ್ ಚಾಟ್ನಿ ಆದ ಮ್ಯಾಗ ಕೈ ಕಟ್ಕೊಂಡು ಕುಂದ್ರು."

ಎಪ್ರಿಲ್‌ನಲ್ಲಿ ಕೊಂಬೆ ಕತ್ತರಿಸಿ ಚಾಟ್ನಿ ಮಾಡಿದರು. ಕೊಂಬೆಯ ಕಣ್ಣಿನೊಳಗೆ ಮುಂದಿನ ಬೆಳೆಯ ಗೊಂಚಲು ಕಟ್ಟುವ ಹೊತ್ತು ಅದು. ಸುಂದ್ರಮ್ಮ ಯೂರಿಯಾ ಚೀಲವನ್ನು ಕೋಣೆಗೆ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಾಪ, ಅಂಬ್ರಪ್ಪ ತೋಟದಲ್ಲಿ ಬರಿಗೈಲಿ ಅಡ್ಡಾಡುತ್ತ ತಿಳಿಹಸಿರು ಎಲೆ ಕಂಡಲ್ಲೆಲ್ಲ ನಿಟ್ಟುಸಿರು ಬಿಟ್ಟ. ಬಂದವರೆಲ್ಲ ಅವನನ್ನೇ ಸಂತೈಸಬೇಕಾಯಿತು.

ಅಕ್ಟೋಬರ್ ಚಾಟ್ನಿಯ ನಂತರ ಚಿಗುರು ಒಡೆಯಿತು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ತೋಟಕ್ಕೆ ಹೋದರು. ಒಂದೊಂದು ಚಿಗುರಿನಲ್ಲೂ ಎಳೆ ಗೊಂಚಲುಗಳು ಇಣುಕುತ್ತಿದ್ದವು. ಸುಂದ್ರಮ್ಮ ಮುಟ್ಟಿ ಮುಟ್ಟಿ ನೋಡುತ್ತ ಬಾವಿ ಕಡೆಯ ಕೊನೆಯ ಸಾಲಿಗೆ ಬಂದು ನಿಂತಳು. ಅಲ್ಲಿ ಕಡುಹಸಿರು ಎಲೆಯೋ ಎಲೆ, ಗೊಂಚಲು ಒಂದೂ ಇಲ್ಲ. ಅವಳು ಗಂಡನ ಕಡೆ ತಿರುಗಿದಳು.

ಬಸವಂತ್ರಾಯನ ಹತ್ತಿರ ಯೂರಿಯಾ ಬೇಡಿ, ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಆ ಒಂದು ಸಾಲಿಗೆ ಹಾಕಿದ್ದನ್ನು ಅಂಬ್ರಪ್ಪ ಒಪ್ಪಿಕೊಂಡ.

"ಹಸದಂಗ ಕಾಣ್ತಿದ್ವು. ಕರಳ ಚುರ್ ಅಂತು," ಎಂದ.

ಸುಂದ್ರಮ್ಮ ನಗು ಮುಚ್ಚಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತೋಟ ಇರ್ಲಿ, ಕೀಳೂದು ಬ್ಯಾಡ. ಈ ಒಂದ್ ಸಾಲು ನಿಮ್ದು, ಎಷ್ಟರ ಉಣಸ್ರಿ. ಉಳಿದದ್ದಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ."

ಅಂಬ್ರಪ್ಪ ಅಲ್ಲೇ ಬದುವಿನ ಮೇಲೆ ಕುಳಿತು ಸಂತೋಷಕ್ಕೆ ಅತ್ತೇಬಿಟ್ಟ.