ಕೌದಿಯ ಹೊಟ್ಟೆಯಲ್ಲಿ ಬೆಲ್ಲ

ಬೆಲ್ಲದ ವಾಸನೆಗೆ ಇಷ್ಟು ವರ್ಷದ ಆಯುಷ್ಯ ಇರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಮೊನ್ನೆ ಸೊಸೆ ಅಟ್ಟದ ಟ್ರಂಕು ಇಳಿಸಿ ಚಿಂದಿ ಜೋಡಿಸಿ ಹೊಲಿದ ಹಳೆಯ ಕೌದಿಯನ್ನು ಝಾಡಿಸಿದಾಗ ನನ್ನ ಮೂಗಿಗೆ ಬಡಿದದ್ದು ಅದೇ ವಾಸನೆ. ಗಡಹಿಂಗ್ಲಜದ ನಮ್ಮ ಓಣಿಗೆ ಈಗ ಮುನ್ಸಿಪಾಲ್ಟಿಯ ಗಾಡಿ ಹಾಡು ಹಚ್ಚಿಕೊಂಡು ಬರುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ, ಹಳೆಯ ಬಟ್ಟೆ ಬೇರೆ. ಸೊಸೆ ಈ ವಿಷಯದಲ್ಲಿ ಭಾರಿ ಶಿಸ್ತಿನವಳು. ನಾನು ಮೂಗರಳಿಸುವುದರೊಳಗೆ ಕೌದಿ ಹಳೆಯ ಬಟ್ಟೆಯ ಚೀಲದೊಳಗೆ ಅರ್ಧ ಇಳಿದಿತ್ತು.

“ಅದನ್ನ ಇಡವಾ ಅಲ್ಲೇ” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಆಗ ನಾವು ಇಚಲಕರಂಜಿಯ ಶಹಾಪುರದಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಓಣಿಯ ಆಚೆ ಮಗ್ಗದ ಶೆಡ್ಡುಗಳು, ಈಚೆ ನಮ್ಮ ಸಾಲುಮನೆಗಳು. ಗಡಿಯ ಹಳ್ಳಿಗಳಿಂದ ಮಗ್ಗದ ಕೆಲಸಕ್ಕೆ ಬಂದ ಕನ್ನಡದವರೇ ಹೆಚ್ಚು. ಮಗ್ಗದ ಸದ್ದು ನಿಂತರೆ ನಮಗೆ ಏನೋ ಕೆಟ್ಟದ್ದಾಯಿತೆಂದು ಎದೆ ಝಲ್ಲೆನ್ನುತ್ತಿತ್ತು. ಓಣಿಯ ಮೂಲೆಯ ಮನೆಯಲ್ಲಿ ಒಬ್ಬ ಕಾಕೂ ಇದ್ದಳು. ಸ್ವಂತ ಚಿಕ್ಕಮ್ಮನಲ್ಲ, ಓಣಿಗೆಲ್ಲ ಕಾಕೂ. ಗಂಡ ಮಗ್ಗದಲ್ಲಿ, ಅತ್ತೆಗೆ ಕಣ್ಣು ಮಂಜು, ಒಬ್ಬಳೇ ಮಗಳು. ಆ ಮಗಳು ನನಗಿಂತ ಚಿಕ್ಕವಳು, ಗಿಣಿಹಸಿರು ಪರಕಾರದ, ಅಂದರೆ ಉದ್ದ ಲಂಗದ, ಹುಡುಗಿ. ಸದಾ ಮುಷ್ಟಿಯಲ್ಲಿ ಬೆಲ್ಲ. ಬೆಲ್ಲ ಕರಗಿ ಮೊಳಕೈಗೆ ಇಳಿಯುತ್ತಿತ್ತು, ಅದನ್ನು ನೆಕ್ಕುತ್ತ ನಮ್ಮ ಹಿಂದೆ ಓಡುತ್ತಿದ್ದಳು. ನಾವು ಅವಳನ್ನು ಇರುವೆ ಎಂದು ಕಾಡಿಸುತ್ತಿದ್ದೆವು.

ಒಂದು ಮಳೆಗಾಲ ಗಟಾರ ಕಟ್ಟಿತು. ನಮ್ಮ ಓಣಿಯ ಗಟಾರ ಕಟ್ಟುವುದು ಹೊಸದೇನಲ್ಲ. ಹರಿದ ಸೀರೆ, ಹಳೆಯ ಧೋತರ, ಕೂಸಿನ ಅರಿವೆ, ಹೀಗೆ ಪ್ರತಿ ಮನೆಯ ಚಿಂದಿಯೂ ಕಸದೊಂದಿಗೆ ಬೀದಿಗೆ ಬಿದ್ದು, ಮಳೆಗೆ ತೇಲಿ, ಗಟಾರದ ಬಾಯಿಗೆ ಬೂಚು ಹೊಡೆದಂತೆ ಕೂಡುತ್ತಿತ್ತು. ಆ ಸಲ ಹೊಲಸು ನೀರು ನಳದ ಗುಂಡಿಗೇ ಇಳಿಯಿತು. ಓಣಿಯಲ್ಲಿ ವಾಂತಿಭೇದಿ. ದೊಡ್ಡವರು ಹೇಗೋ ಎದ್ದು ಕುಳಿತರು... ಕಾಕೂನ ಮಗಳು ಏಳಲಿಲ್ಲ.

ಸತ್ತವರ ಬಟ್ಟೆಯನ್ನು ಮನೆಯಲ್ಲಿಡಬಾರದು, ಪಂಚಗಂಗೆ ಹೊಳೆಗೆ ಬಿಡಬೇಕು. ಕಾಕೂನ ಗಂಡ ಎಲ್ಲವನ್ನೂ ಬಿಟ್ಟು ಬಂದ. ಎಲ್ಲವನ್ನೂ ಎಂದು ಅವನು ತಿಳಿದಿದ್ದ.

ಆಮೇಲೆ ಮುನ್ಸಿಪಾಲ್ಟಿಯವರಿಗೆ ನಮ್ಮ ಓಣಿಯ ನೆನಪಾಯಿತು. ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ ತಂದು ಕೂಡಿಸಿದರು. ಅದು ಬೇಗನೇ ತುಂಬಿ ಸುತ್ತಲೂ ಚೆಲ್ಲಿತು. ಆಗ ಒಬ್ಬ ಸಾಹೇಬರು ಬಂದು ಹೆಂಗಸರನ್ನೆಲ್ಲ ಕೂಡಿಸಿ ಮರಾಠಿಯಲ್ಲಿ ಭಾಷಣ ಮಾಡಿದರು. “ಘರಾತಲಾ ಕಚರಾ ಘರಾತಚ ಕಮೀ ಕರಾ” ಎಂದರು. ಮನೆಯ ಕಸವನ್ನು ಮನೆಯಲ್ಲೇ ಕಡಿಮೆ ಮಾಡಬೇಕಂತೆ. ಹೆಂಗಸರು ಮೂಗು ಮುರಿದರು. ಉಣ್ಣಲಿಕ್ಕೇ ಕಡಿಮೆ ಇರುವವರಿಗೆ ಕಸ ಕಡಿಮೆ ಮಾಡಿ ಎಂದರೆ ನಗು ಬರದೆ ಏನಾದೀತು? ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ನಗದಿದ್ದವಳು ಕಾಕೂ ಒಬ್ಬಳೇ. ಮಗಳು ಹೋದ ಮೇಲೆ ಮನೆಯಿಂದ ಹೊರಬೀಳದಿದ್ದವಳು ಅಂದು ಎದ್ದು ನಿಂತು, “ಹೌದ್ರಿ ಸಾಹೇಬ್ರ, ಮಾಡತೀವಿ” ಎಂದುಬಿಟ್ಟಳು. ಬೂದಿ ಪಾತ್ರೆ ತಿಕ್ಕಲಿಕ್ಕಾಯಿತು, ಸಿಪ್ಪೆ ಆಡಿಗಾಯಿತು, ಉಳಿಯುವುದು ಚಿಂದಿ ಮಾತ್ರ ಎಂದು ಮನೆಮನೆಗೆ ಹೋಗಿ ತಿಳಿಸಿದಳು. ಒಂದು ಚಿಂದಿಯೂ ತೊಟ್ಟಿಗೆ ಬೀಳಬಾರದು, ಎಲ್ಲವನ್ನೂ ಒಟ್ಟು ಹಾಕಿ ಕೌದಿ ಹೊಲಿಯೋಣ, ಮನೆಗೊಂದು ಕೌದಿ. ಯಾರ ಸೀರೆ ಯಾರ ಕೌದಿಗೆ ಹೋಯಿತು ಎಂದು ಜಗಳ ತೆಗೆಯುವಂತಿಲ್ಲ. ಮಗಳನ್ನು ಕಳೆದುಕೊಂಡವಳ ಮಾತಿಗೆ ಯಾರೂ ಎದುರಾಡಲಿಲ್ಲ.

ಚಿಂದಿ ಕೂಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಕೂ ಮೇಲಿನ ಸಾಲಿಗೆ ಹೋಗಿದ್ದಳು, ನಮ್ಮವ್ವ ಮತ್ತು ಕೆಲವರು ಕೆಳಗಿನ ಸಾಲಿಗೆ. ಮಾರುತಿ ಗುಡಿಯ ಕಟ್ಟೆಯ ಮೇಲೆ ಗುಡ್ಡದಷ್ಟು ಬಟ್ಟೆ. ಹೆಂಗಸರು ಮಾತಾಡುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ, ಚರ್ ಚರ್ ಎಂದು ಹರಿದು ಚೂರು ಮಾಡುತ್ತಿದ್ದರು. ಕಾಕೂ ತಲೆಯ ಮೇಲೆ ಗಂಟು ಹೊತ್ತು ಬಂದಳು. ರಾಶಿಯ ಮುಂದೆ ನಿಂತಳು. ಗಂಟು ಇಳಿಸುವುದನ್ನೇ ಮರೆತು ನಿಂತೇ ಇದ್ದಳು... ಬಿಸಿಲಿಗೆ ತಲೆ ತಿರುಗಿತೆಂದು ಯಾರೋ ನೀರು ಕೊಟ್ಟರು. ಕುಡಿದು, ಕೂತು, ಎಲ್ಲರೊಡನೆ ಹೊಲಿಯತೊಡಗಿದಳು.

ನಮ್ಮ ಕಡೆ ಕೌದಿ ಮುಗಿಸುವಾಗ ನಟ್ಟನಡುವೆ ಒಂದು ಚೌಕದ ತುಂಡನ್ನು ಕೊನೆಗೆ ಹಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಳಗೆ ಒಣರೊಟ್ಟಿಯ ಚೂರು ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರಬೇಕಾಗುತ್ತದೆ ಎಂಬ ನಂಬಿಕೆ. ಆ ಸಲ ಎಲ್ಲ ಮನೆಯ ಕೌದಿಗಳ ಹೊಟ್ಟೆಯನ್ನೂ ಕಾಕೂನೇ ಮುಚ್ಚಿದಳು. ಅವಳ ಹೊಲಿಗೆ ಅಷ್ಟು ಸಣ್ಣದು. ನಮ್ಮ ಕೌದಿಯ ಹೊಟ್ಟೆಗೆ ಗಿಣಿಹಸಿರು ತುಂಡು ಬಿದ್ದಿತ್ತು.

ತೊಟ್ಟಿಯಲ್ಲಿ ಕಸ ಇಳಿಯಿತು. ಮುಂದಿನ ಮಳೆಗೆ ಗಟಾರ ಕಟ್ಟಲಿಲ್ಲ. ಸಾಹೇಬರು ಬಂದು ಹೊಗಳಿ ಚಹಾ ಕುಡಿದು ಹೋದರು.

ಕಾಕೂ ಮಾತ್ರ ಮಧ್ಯಾಹ್ನವಾದರೆ ಯಾರದಾದರೂ ಮನೆಯಲ್ಲಿ ಇರುತ್ತಿದ್ದಳು. ಕೌದಿಯ ಹೊಲಿಗೆ ಬಿಚ್ಚಿದೆಯೇನು, ನೋಡುತ್ತೇನೆ ಎಂದು ಕೇಳುವಳು. ಹೆಚ್ಚು ಬರುತ್ತಿದ್ದುದು ನಮ್ಮ ಮನೆಗೆ. ನಾನು ಹೊದ್ದು ಮಲಗುವ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ಎಷ್ಟೋ ಹೊತ್ತು ದಾರವನ್ನೇ ಪೋಣಿಸದೆ ಸೂಜಿ ಹಿಡಿದು ಕೂತಿರುತ್ತಿದ್ದಳು. ಒಂದು ಕೈ ಆ ಹಸಿರು ತುಂಡಿನ ಮೇಲೆ ಓಡಾಡುತ್ತಿತ್ತು, ಕೂಸನ್ನು ತಟ್ಟಿ ಮಲಗಿಸುವ ಹಾಗೆ. ಪಾಪ, ಮಗಳ ಚಿಂತೆಯಲ್ಲಿ ಹೀಗಾಗಿದ್ದಾಳೆ ಎಂದು ಅವ್ವ ಚಹಾಕ್ಕಿಡುತ್ತಿದ್ದಳು.

ಗುಟ್ಟನ್ನು ಬಯಲು ಮಾಡಿದ್ದು ಇರುವೆ. ಒಂದು ಮುಂಜಾನೆ ಎದ್ದಾಗ ನನ್ನ ಕೌದಿಯ ಮೇಲೆ ಇರುವೆಗಳ ಸಾಲು, ಎಲ್ಲವೂ ನಡುವಿನ ಹೊಟ್ಟೆಗೇ ಹೋಗುತ್ತಿದ್ದವು. ಅವ್ವ ಕೌದಿಯನ್ನು ಅಂಗಳಕ್ಕೆ ಒಯ್ದು ಹೊಲಿಗೆ ಬಿಚ್ಚಿದಳು. ಒಳಗೆ ರೊಟ್ಟಿಯ ಚೂರಿರಲಿಲ್ಲ, ಬೆಲ್ಲವಿತ್ತು. ಹಳೆಯದಲ್ಲ, ಮೊನ್ನೆಮೊನ್ನೆ ಇಟ್ಟ ಬೆಲ್ಲ. ಅವ್ವ ಬೆಲ್ಲವನ್ನೂ ಹಸಿರು ಬಟ್ಟೆಯನ್ನೂ ನೋಡಿದಳು, ಮತ್ತೆ ನೋಡಿದಳು. ಕಾಕೂನನ್ನು ಕರೆದು ತಾ ಎಂದು ನನ್ನನ್ನು ಓಡಿಸಿದಳು.

ಕಾಕೂ ಬಂದು ಬಿಚ್ಚಿದ ಕೌದಿ ನೋಡಿ ಹೊಸಲಿನಲ್ಲೇ ಕೂತುಬಿಟ್ಟಳು.

“ಅಕ್ಕಾ, ಖರೇ ಹೇಳ್ರಿ. ಇದು ಅಕಿ ಪರಕಾರಲ್ಲ?” ಎಂದಳು ಅವ್ವ.

“ಒಂದರೆ ಇರ್ಲಿ ಅಂತ ಖಾಟಿನ ಬುಡಕ ಮುಚ್ಚಿಟ್ಟಿದ್ದೆ ತಂಗಿ. ಅತ್ತಿಗೆ ಕಣ್ಣ ಕಾಣಂಗಿಲ್ಲ. ಚಿಂದಿ ಗಂಟಂತ ಎತ್ತಿ ಕೊಟ್ಟುಬಿಟ್ಟಾರ. ನಾ ಬಂದು ನೋಡೂದ್ರಾಗ ಹರದು ಚೂರ್ ಮಾಡಿದ್ರಿ, ಮನಿಮನಿ ಕೌದ್ಯಾಗ ಒಂದೊಂದು ಚೂರ್ ಹೋತು.”

“ಆವಾಗ್ನ ಹೇಳಬೇಕಿಲ್ರಿ! ಸತ್ತ ಕೂಸಿನ ಬಟ್ಟಿ ನನ್ನ ಮಗಳ ಮೈಮ್ಯಾಲ...” ಅವ್ವ ಅಷ್ಟು ಹೆದರಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ಹೇಳಿದ್ರ ಏನ್ ಮಾಡತಿದ್ರಿ? ಅಷ್ಟೂ ಕೌದಿ ಒಯ್ದು ತೊಟ್ಟಿಗಿ ಒಗೀತಿದ್ರಿ. ತೊಟ್ಟಿ ತುಂಬಿ ಗಟಾರಕ್ಕ ಬೀಳತಿತ್ತು. ಆ ಗಟಾರ ಅಕೀನ್ನ ಒಯ್ದೈತಿ. ಅಕಿ ಬಟ್ಟಿನೂ ಅದಕ್ಕ ಹಾಕಲೇನು?”

ಅವ್ವ ಒಳಗೆ ಹೋಗಿ ಅಪ್ಪನ ಗಡ್ಡದ ಬ್ಲೇಡು ತಂದಳು. ಹಸಿರು ತುಂಡನ್ನು ಪೂರ್ತಿ ಬಿಡಿಸಿ ಕೊಟ್ಟುಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದಳು. ಕಾಕೂ ಎರಡೂ ಕೈ ಚಾಚಿದಳು. ಚಾಚಿದವಳು ನನ್ನ ಕಡೆ ನೋಡಿದಳು. ಆಮೇಲೆ ಅವ್ವನ ಬ್ಲೇಡಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ ತಂಗಿ. ಅಕಿಗೆ ಒಬ್ಬಾಕೇ ಮಲಗಾಕ ಭಾಳ ಅಂಜಿಕಿ. ನಿನ್ನ ಮಗಳ ಮಗ್ಗಲದಾಗ ಇರ್ಲಿ.”

ನಮ್ಮವ್ವ ಒಂದು ಕ್ಷಣ ಬ್ಲೇಡು ಹಿಡಿದೇ ನಿಂತಳು. ಬೇಡ ಎನ್ನಬಹುದಿತ್ತು. ಎನ್ನುತ್ತಾಳೆಂದೇ ನಾನು ಕಾದಿದ್ದೆ. ಅವ್ವ ಒಳಗೆ ಹೋಗಿ ಡಬ್ಬಿಯಿಂದ ಒಂದು ಹೆಂಟೆ ಬೆಲ್ಲ ತಂದು ಹೊಟ್ಟೆಯೊಳಗಿಟ್ಟಳು. ಕಾಕೂ ಹೊಲಿದಳು. ಇಬ್ಬರೂ ಅಳುತ್ತಿದ್ದರು.

ನನ್ನ ಗತಿ ಕೇಳಬೇಡಿ. ಮೊದಮೊದಲು ಕೌದಿಯನ್ನು ಕಾಲಿನಿಂದ ಆಚೆ ತಳ್ಳುತ್ತಿದ್ದೆ. ಹೊದ್ದರೆ ಮಗ್ಗುಲಲ್ಲಿ ಯಾರೋ ಬೆಲ್ಲ ಚೀಪುವ ಸಪ್ಪಳ. ಬರುಬರುತ್ತ ಆ ಸಪ್ಪಳ ಕೇಳದಿದ್ದರೆ ನಿದ್ದೆ ಬಾರದಾಯಿತು. ನಾನು ಗೋಡೆಗೆ ಒತ್ತಿ ಮಲಗಿ ಈ ಕಡೆ ಜಾಗ ಬಿಡತೊಡಗಿದೆ. ಅವ್ವ ಅದನ್ನು ನೋಡಿ ಕೌದಿಯನ್ನು ಆ ಜಾಗಕ್ಕೂ ಹರವಿದಳು.

ಕೆಲವು ವರ್ಷಗಳ ಮೇಲೆ ಕಾಕೂನ ಗಂಡನಿಗೆ ಕಾಗಲದ ಕಡೆ ಕೆಲಸ ಸಿಕ್ಕಿತು. ಸಾಮಾನು ಹೇರಿದ ಗಾಡಿಯನ್ನು ನಿಲ್ಲಿಸಿ ಅವಳು ನಮ್ಮ ಮನೆಗೆ ಬಂದಳು. ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಕೂತಳು. ಈಗಲಾದರೂ ಒಯ್ಯಿರಿ ಎಂದು ಅವ್ವ ಕೈ ಮುಗಿದಳು. ಕಾಕೂ ತಲೆಯಾಡಿಸಿದಳು. ಹೋಗುವಾಗ ನನ್ನ ಗಲ್ಲ ಸವರಿ, “ಅಕಿ ರಾತ್ರಿ ಕೌದಿ ಜಗ್ಗತಾಳವಾ, ಬೈಬ್ಯಾಡ” ಎಂದಳು. ಅದೇ ಕೊನೆ. ನಾನು ಮದುವೆಯಾಗಿ ಗಡಹಿಂಗ್ಲಜಕ್ಕೆ ಬರುವಾಗ ಅವ್ವ ಆ ಕೌದಿಯನ್ನು ಟ್ರಂಕಿನ ತಳಕ್ಕಿಟ್ಟಳು. ಕಾಕೂ ಹೋದಳೆಂಬ ಸುದ್ದಿ ಬಹಳ ತಡವಾಗಿ, ಯಾವುದೋ ಮದುವೆಯ ಪಂಕ್ತಿಯಲ್ಲಿ ತಿಳಿಯಿತು. ಎಲೆಯ ಮೇಲಿನ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದೆ. ಆ ಓಣಿಯ ಉಳಿದ ಕೌದಿಗಳು ಯಾವಾಗ ಹರಿದವೋ, ಎಲ್ಲಿಗೆ ಬಿದ್ದವೋ...

ಸೊಸೆಗೆ ಇದನ್ನೆಲ್ಲ ಹೇಳಲಿಲ್ಲ. ಹೊರಗೆ ಗಾಡಿಯ ಹಾಡು ದೂರ ಹೋಯಿತು. ಹಸಿರು ತುಂಡು ಈಗ ಬಣ್ಣ ಬಿಟ್ಟು ಜಾಳಾಗಿದೆ, ಬೆರಳಿಟ್ಟರೆ ಆಚೆ ಕಾಣುತ್ತದೆ. ಹೊಟ್ಟೆಯ ಹೊಲಿಗೆ ಬಿಚ್ಚಿ ನೋಡಿದೆ, ಖಾಲಿ. ಅಡುಗೆಮನೆಯಿಂದ ಬೆಲ್ಲ ತಂದಿಟ್ಟು ಹೊಲಿದೆ. ಇರುವೆ ಬಂದೀತು, ಸೊಸೆ ಬೈದಾಳು, ಬೈಯಲಿ.

ಅಷ್ಟು ಅಗಲದ ಮಂಚದಲ್ಲಿ ನಾನು ಅಂಚಿಗೇ ಯಾಕೆ ಮಲಗುತ್ತೇನೆ ಎಂದು ನಮ್ಮ ಯಜಮಾನರು ಇರುವವರೆಗೂ ಚೇಷ್ಟೆ ಮಾಡುತ್ತಿದ್ದರು. ಎಸ್‌ಟಿ ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಎನ್ನುತ್ತಿದ್ದರು. ಮೊನ್ನೆಯಿಂದ ಮತ್ತೆ ಆ ಕೌದಿಯನ್ನೇ ಹೊದೆಯುತ್ತಿದ್ದೇನೆ. ಈಗ ಕಾಕೂಗೂ ಜಾಗ ಬೇಕಲ್ಲ, ಇನ್ನಷ್ಟು ಅಂಚಿಗೆ ಸರಿದಿದ್ದೇನೆ.